ರೆಪ್ಪೆ ಇಳಿದ ಬೆಳಿಗ್ಗೆ

ಕೇಳುಗರಿಗೆ ನಮಸ್ಕಾರ.

ಮುಖ ತೊಳೆದು ಕನ್ನಡಿ ನೋಡಿಕೊಂಡೆ. ಎಡಗಣ್ಣಿನ ರೆಪ್ಪೆ ಜೋತುಬಿದ್ದು ಪಾಪೆಯನ್ನು ಅರ್ಧ ಮುಚ್ಚಿತ್ತು. ನಿದ್ದೆ ಸಾಲದಿರಬೇಕೆಂದು ಮತ್ತೆ ತಣ್ಣೀರು ಎರಚಿಕೊಂಡೆ. ಊಹೂಂ. ಅಂದು ಪತ್ರಿಕೆ ಓದಿದ್ದು ಒಂದು ಬೆರಳಲ್ಲಿ ರೆಪ್ಪೆ ಎತ್ತಿ ಹಿಡಿದುಕೊಂಡು.

ಹುಬ್ಬುಗಳ ನಡುವಿನ ಗೆರೆ ಹೋಗಲೆಂದು ಬೊಟಾಕ್ಸ್ ಚುಚ್ಚಿಸಿಕೊಂಡು ಆರು ದಿನವಾಗಿತ್ತು. ಅದರಲ್ಲಿರುವುದು ಬೊಟುಲಿನಮ್ ಎಂಬ ಬ್ಯಾಕ್ಟೀರಿಯಾದ ವಿಷ, ತೀರಾ ಅಲ್ಪ ಪ್ರಮಾಣದಲ್ಲಿ. ನರದ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹೊರಬಂದರೆ ತಾನೇ ಸ್ನಾಯು ಬಿಗಿಯುವುದು? ಈ ವಿಷ ಅದನ್ನೇ ತಡೆಯುತ್ತದೆ. ಮೊದಲು ಇದು ಕಣ್ಣಿನ ವೈದ್ಯರ ಔಷಧವಾಗಿತ್ತು. ಮೆಳ್ಳೆಗಣ್ಣಿಗೆ ಅಮೆರಿಕದಲ್ಲಿ 1989ರಲ್ಲಿ ಒಪ್ಪಿಗೆ ಸಿಕ್ಕಿತು, ಹುಬ್ಬಿನ ಗೆರೆಗೆ 2002ರಲ್ಲಿ. ಇದರಿಂದ ಎಷ್ಟೋ ಜನಕ್ಕೆ ಉಪಕಾರವಾಗಿದೆ, ಇಲ್ಲವೆನ್ನುವುದಿಲ್ಲ.

ಆದರೆ ಔಷಧ ಚುಚ್ಚಿದಲ್ಲೇ ನಿಲ್ಲಬೇಕಲ್ಲ. ಕೊಂಚ ಕೆಳಗೆ ಇಳಿದು ರೆಪ್ಪೆ ಎತ್ತುವ ಸ್ನಾಯುವಿಗೆ ತಾಗಿದರೆ ನನಗಾದ ಹಾಗೆಯೇ ಆಗುತ್ತದೆ. ಬಾಯಿಯ ಹತ್ತಿರವಾದರೆ ನಗು ಸೊಟ್ಟಗಾಗುತ್ತದೆ. ತಲೆನೋವು, ಚುಚ್ಚಿದಲ್ಲಿ ನೀಲಿಗಟ್ಟುವುದು ಸಾಮಾನ್ಯ, ಬೇಗ ಹೋಗುತ್ತವೆ.

"ಇದನ್ನು ತೆಗೆದುಬಿಡಿ" ಎಂದು ವೈದ್ಯರನ್ನು ಕೇಳಿಕೊಂಡೆ. ತೆಗೆಯಲು ಬರುವುದಿಲ್ಲ! ನರದೊಳಗೆ ಸೇರಿದ ಮೇಲೆ ಅದನ್ನು ಹಿಂದಿರುಗಿಸುವ ಮದ್ದಿಲ್ಲ. ಒಂದು ಬಗೆಯ ಕಣ್ಣಹನಿ ಹಾಕಿದರೆ ರೆಪ್ಪೆ ಒಂದೆರಡು ಮಿಲಿಮೀಟರ್ ಏಳುತ್ತದೆ, ಅದೂ ಕೆಲವು ಗಂಟೆ ಮಾತ್ರ. ನರ ತಾನಾಗಿ ಚೇತರಿಸಿಕೊಳ್ಳುವವರೆಗೆ ಕಾಯಬೇಕು. ನನ್ನದು ಸರಿಹೋಗಲು ಏಳು ವಾರ ಹಿಡಿಯಿತು. ಗೆರೆಯೋ, ಮೂರು ನಾಲ್ಕು ತಿಂಗಳಿಗೆ ಹೇಗೂ ಮರಳುತ್ತದೆ. ಇದನ್ನೆಲ್ಲ ನನಗೆ ಬಾಯಿಬಿಟ್ಟು ಯಾರೂ ಹೇಳಿರಲಿಲ್ಲ, ಸಹಿ ಹಾಕಿಸಿಕೊಂಡ ಕಾಗದದಲ್ಲಿತ್ತಂತೆ. ಆ ಸಿಟ್ಟು ಇನ್ನೂ ಇಳಿದಿಲ್ಲ.

ಅಪರೂಪಕ್ಕೆ ವಿಷ ದೂರಕ್ಕೂ ಹರಡುತ್ತದೆ. ನುಂಗಲು, ಮಾತಾಡಲು, ಉಸಿರಾಡಲು ಕಷ್ಟವಾಗಬಹುದು. ಕೆಲವು ಗಂಟೆಗಳಲ್ಲಿ ಅಥವಾ ವಾರಗಳ ಮೇಲೂ ಕಾಣಿಸಿಕೊಳ್ಳುವುದರಿಂದ, ಸೂಜಿ ಚುಚ್ಚಿಸಿಕೊಂಡದ್ದೇ ಕಾರಣವೆಂದು ಹೊಳೆಯದೆ ಹೋಗಬಹುದು. ಹಾಗೇನಾದರೂ ಆದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಮಯಸ್ತೇನಿಯಾದಂಥ ಸ್ನಾಯು ಸೋಲುವ ಕಾಯಿಲೆ ಇದ್ದವರು, ಬಸುರಿಯರು, ಹಾಲೂಡಿಸುವ ತಾಯಂದಿರು, ಜೆಂಟಾಮೈಸಿನ್‌ನಂಥ ಆ್ಯಂಟಿಬಯಾಟಿಕ್ ತೆಗೆದುಕೊಳ್ಳುತ್ತಿರುವವರು ವೈದ್ಯರಿಗೆ ಮೊದಲೇ ಹೇಳಬೇಕು.

ನಕಲಿ ಔಷಧವೂ ಓಡಾಡುತ್ತದೆ. 2024ರಲ್ಲಿ ಅಮೆರಿಕದಲ್ಲಿ ಇಂಥ ಚುಚ್ಚುಮದ್ದಿನಿಂದ ಕೆಲವರು ಆಸ್ಪತ್ರೆ ಸೇರಿದ್ದರು. ಹಾಗಾಗಿ ಮುಚ್ಚಿದ ಸೀಸೆಯನ್ನು ನಿಮ್ಮೆದುರೇ ತೆರೆಯಲು ಹೇಳಿ. ಎಷ್ಟು ಯೂನಿಟ್, ಯಾವ ಕಂಪನಿಯದು ಎಂದು ಬರೆಸಿಕೊಳ್ಳಿ; ಒಂದು ಕಂಪನಿಯ ಯೂನಿಟ್ ಇನ್ನೊಂದರದಕ್ಕೆ ಸಮವಲ್ಲ. ಸೀಸೆ ತೋರಿಸಲು ಹಿಂಜರಿದರೆ ಎದ್ದು ಬನ್ನಿ.

ನಮಸ್ಕಾರ.