ವೈದ್ಯರ ಚಟಕ್ಕೆ ಐದು ವರ್ಷದ ಕಾವಲು

ಕೇಳುಗರೆಲ್ಲರಿಗೂ ನಮಸ್ಕಾರ.

ಆಪರೇಷನ್ ಥಿಯೇಟರಿನ ರಿಜಿಸ್ಟರಿನಲ್ಲಿ ರೋಗಿಗೆ ಎರಡು ಆಂಪೂಲ್ ಫೆಂಟನಿಲ್, ಅಂದರೆ ಅಫೀಮಿನ ಜಾತಿಯ ನೋವಿನ ಔಷಧಿ, ಕೊಟ್ಟಿರುವುದಾಗಿ ಬರೆದಿದೆ. ಹೊರಗೆ ಬಂದ ರೋಗಿ ಮಾತ್ರ ನೋವಿನಿಂದ ನರಳುತ್ತಿದ್ದಾನೆ. ಒಂದು ಸಲ ಹೀಗಾದರೆ ಅನುಮಾನ ಬೇಡ. ಒಬ್ಬರೇ ಅರಿವಳಿಕೆ ವೈದ್ಯರ ಪಾಳಿಯಲ್ಲಿ ಪದೇ ಪದೇ ಹೀಗಾಗುತ್ತಿದ್ದರೆ, ಬೇರೆಯವರ ರಾತ್ರಿ ಪಾಳಿಯನ್ನೂ ಅವರೇ ಕೇಳಿ ಪಡೆಯುತ್ತಿದ್ದರೆ, ನಡುವೆ ಬಾತ್‌ರೂಮಿಗೆ ಹೋದವರು ಬಹಳ ಹೊತ್ತು ಬರದಿದ್ದರೆ, ರೋಗಿಯ ಔಷಧಿಯನ್ನು ಅವರು ತಾವೇ ಚುಚ್ಚಿಕೊಳ್ಳುತ್ತಿರಬಹುದು; ರಿಜಿಸ್ಟರನ್ನೂ ಖಾಲಿ ಆಂಪೂಲುಗಳನ್ನೂ ಎದುರಿಟ್ಟು ಲೆಕ್ಕ ನೋಡಲೇಬೇಕು. ಕುಡಿತ ಇಷ್ಟು ಬೇಗ ಸಿಕ್ಕಿಬೀಳುವುದಿಲ್ಲ. ವೈದ್ಯರಲ್ಲಿ ಮೊದಲು ಸಂಸಾರ ಕೆಡುತ್ತದೆ, ಆಮೇಲೆ ಗೆಳೆತನ, ಕೆಲಸ ಕೆಡುವುದು ಕಟ್ಟಕಡೆಗೆ. ಬೆಳಗಿನ ರೌಂಡ್ಸಿನಲ್ಲಿ ವಾಸನೆ ಬರುವ ಹೊತ್ತಿಗೆ ಮನೆಯವರಿಗೆ ಅದು ಎಷ್ಟೋ ಹಳೆಯ ಸಂಗತಿ.

ಸಹೋದ್ಯೋಗಿಗಳು ಬಾಯಿ ಬಿಡುವುದಿಲ್ಲ. ‘ಪಾಪ, ಒಳ್ಳೆಯ ಡಾಕ್ಟರು, ಹೆಸರು ಯಾಕೆ ಕೆಡಿಸಬೇಕು’ ಎನ್ನುತ್ತಾರೆ. ಈ ಮರುಕದಿಂದ ರೋಗಿಗೂ ಅಪಾಯ, ಆ ವೈದ್ಯರಿಗೂ ಅಪಾಯ. ಮಾತಾಡುವುದಕ್ಕೂ ಒಂದು ಕ್ರಮವಿದೆ. ಒಬ್ಬರೇ ಹೋಗಬಾರದು, ಅವರು ಗೌರವಿಸುವ ಇಬ್ಬರು ಹೋಗಬೇಕು. ಅಮಲು ಇಲ್ಲದ ಹೊತ್ತು ನೋಡಿ, ದಿನಾಂಕ ಸಮೇತ ದಾಖಲೆ ಮುಂದಿಟ್ಟು ಮಾತಾಡಬೇಕು. ಚಿಕಿತ್ಸೆಗೆ ಹಾಸಿಗೆ ಮೊದಲೇ ಗೊತ್ತು ಮಾಡಿರಬೇಕು. ಗುಟ್ಟು ಹೊರಬಿದ್ದ ಮೊದಲ ಕೆಲವು ದಿನ ಆತ್ಮಹತ್ಯೆಯ ಅಪಾಯ ಬಹಳ ಹೆಚ್ಚು. ‘ನಾಳೆ ಬಂದು ಕಾಣಿ’ ಎಂದು ಒಬ್ಬರನ್ನೇ ಮನೆಗೆ ಕಳಿಸುವುದು ದೊಡ್ಡ ತಪ್ಪು. ಅಲ್ಲಿಂದ ನೇರ ಆಸ್ಪತ್ರೆಗೆ, ಜೊತೆಗೆ ಒಬ್ಬರು ಇದ್ದೇ ಇರಬೇಕು.

ವೈದ್ಯರು ತಮ್ಮ ಚಟವನ್ನು ತಾವೇ ಬಿಡಿಸಿಕೊಳ್ಳಲು ಹೋಗುತ್ತಾರೆ. ಮನೆಯಲ್ಲೇ ಡಯಾಜೆಪಾಮ್ ಎಂಬ ಶಮನಕಾರಿ ಮಾತ್ರೆ ನುಂಗಿ ಕುಡಿತ ನಿಲ್ಲಿಸಲು ನೋಡುತ್ತಾರೆ, ಕೊನೆಗೆ ಎರಡೂ ಅಂಟಿಕೊಳ್ಳುತ್ತವೆ. ದಿನವೂ ವಿಪರೀತ ಕುಡಿಯುವವರು ಏಕಾಏಕಿ ನಿಲ್ಲಿಸಿದರೆ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೆಯ ದಿನದ ನಡುವೆ ಸನ್ನಿ ಹಿಡಿಯಬಹುದು. ಗ್ಲೂಕೋಸ್ ಡ್ರಿಪ್ಪಿಗೆ ಮುಂಚೆ, ತುರ್ತಿದ್ದರೆ ಅದರ ಜೊತೆಗೇ, ಥಯಾಮಿನ್ (ಬಿ1 ವಿಟಮಿನ್) ಇಂಜೆಕ್ಷನ್ ಹೋಗಬೇಕು. ಇಲ್ಲದಿದ್ದರೆ ಮಿದುಳಿಗೆ ಶಾಶ್ವತ ಪೆಟ್ಟು ಬೀಳಬಹುದು. ಆಸ್ಪತ್ರೆಯಲ್ಲಿ ಲೆಕ್ಕ ಹಾಕಿ ಡಯಾಜೆಪಾಮ್ ಕೊಡುತ್ತಾರೆ, ಲಿವರ್ ಕೆಟ್ಟಿದ್ದರೆ ಅದರ ಬದಲು ಅದೇ ಜಾತಿಯ ಲೊರಾಜೆಪಾಮ್. ಇದು ಮನೆಯಲ್ಲಿ ಒಬ್ಬರೇ ಮಾಡಿಕೊಳ್ಳುವ ಕೆಲಸವಲ್ಲ. ವಾರ್ಡಿನಲ್ಲಿ ಅವರು ಬರೀ ರೋಗಿ. ಕೇಸ್ ಶೀಟ್ ಅವರ ಕೈಗೆ ಕೊಡಬಾರದು, ಡೋಸನ್ನು ಅವರನ್ನೇ ಕೇಳಿ ಬರೆಯಬಾರದು, ದೊಡ್ಡ ಡಾಕ್ಟರು ಎಂದು ಗುಂಪಿನ ಆಪ್ತಸಮಾಲೋಚನೆಯಿಂದ ವಿನಾಯಿತಿ ಕೊಡಬಾರದು.

ಇಷ್ಟೆಲ್ಲ ಕೆಲವು ವಾರಗಳ ಕೆಲಸ. ಚಟ ಮರಳದಂತೆ ತಡೆಯುವುದು ಅದರ ನಂತರದ ಕಾವಲು. ಅಮೆರಿಕದ ರಾಜ್ಯಗಳಲ್ಲಿ 1970ರ ದಶಕದಿಂದ ವೈದ್ಯರಿಗೆಂದೇ ಇಂಥ ಕಾರ್ಯಕ್ರಮಗಳು ಬೆಳೆದಿವೆ. 1995ರಿಂದ 2001ರವರೆಗೆ 16 ರಾಜ್ಯಗಳಲ್ಲಿ ಹೀಗೆ ಸೇರಿದ 904 ವೈದ್ಯರ ಅಧ್ಯಯನ 2008ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಐದು ವರ್ಷದ ನಂತರವೂ ಮಾಹಿತಿ ಸಿಕ್ಕ 802 ಮಂದಿಯಲ್ಲಿ ಸುಮಾರು ಶೇಕಡಾ 79 ಜನ ಲೈಸೆನ್ಸ್ ಉಳಿಸಿಕೊಂಡು ಕೆಲಸದಲ್ಲಿದ್ದರು. ಚಟದ ಚಿಕಿತ್ಸೆಯಲ್ಲಿ ಇದು ಸಾಮಾನ್ಯವಾದ ಫಲವಲ್ಲ.

ಕಾವಲು ನಡೆಯುವುದು ಹೀಗೆ. ವೈದ್ಯರು ಸಾಮಾನ್ಯವಾಗಿ ಐದು ವರ್ಷದ ಒಪ್ಪಂದಕ್ಕೆ ಸಹಿ ಹಾಕುತ್ತಾರೆ. ದಿನವೂ ಬೆಳಿಗ್ಗೆ ಫೋನ್ ಮಾಡಿ ‘ಇವತ್ತು ನನ್ನ ಸರದಿಯೇ’ ಎಂದು ಕೇಳಬೇಕು. ಹೌದೆಂದರೆ ಅಂದೇ ಮೂತ್ರ ಕೊಡಬೇಕು, ಅದೂ ಒಬ್ಬರ ಕಣ್ಣೆದುರಿಗೆ. ಕೊಟ್ಟ ನಾಲ್ಕು ನಿಮಿಷದೊಳಗೆ ಅದರ ಉಷ್ಣತೆ 32ರಿಂದ 38 ಡಿಗ್ರಿ ಸೆಲ್ಸಿಯಸ್ ಒಳಗಿರಬೇಕು. ಮೂತ್ರದಲ್ಲಿ ಸಹಜವಾಗಿ ಇರುವ ಕ್ರಿಯಾಟಿನಿನ್ ಎಂಬ ಅಂಶ ಡೆಸಿಲೀಟರಿಗೆ 20 ಮಿಲಿಗ್ರಾಂಗಿಂತ ಕಡಿಮೆ ಬಂದರೆ ನೀರು ಬೆರೆತಿದೆ, ಇಲ್ಲವೇ ವಿಪರೀತ ನೀರು ಕುಡಿದಿದ್ದಾರೆ. ಎಷ್ಟೋ ಕಡೆ ಎಡವುವುದು ಪರೀಕ್ಷೆಯ ಆಯ್ಕೆಯಲ್ಲಿ. ಅಫೀಮು ಹುಡುಕುವ ಮಾಮೂಲಿ ಸ್ಟ್ರಿಪ್ ಫೆಂಟನಿಲ್ಲನ್ನಾಗಲಿ ಟ್ರಮಡಾಲ್ ಎಂಬ ಇನ್ನೊಂದು ನೋವಿನ ಔಷಧಿಯನ್ನಾಗಲಿ ಹಿಡಿಯುವುದಿಲ್ಲ. ‘ನೆಗೆಟಿವ್’ ಎಂಬ ಚೀಟಿ ನೋಡಿ ಎಲ್ಲರೂ ನಿರಾಳವಾಗುತ್ತಾರೆ, ಚಟ ಮುಂದುವರಿಯುತ್ತದೆ. ಆ ವೈದ್ಯರ ಕೈಗೆಟಕುವ ಔಷಧಿ ಯಾವುದೋ ಅದರ ಹೆಸರು ಬರೆದೇ ಲ್ಯಾಬಿಗೆ ಕಳಿಸಬೇಕು. ಮದ್ಯಕ್ಕೆ ಮಾಡುವ ಇಟಿಜಿ ಎಂಬ ಮೂತ್ರ ಪರೀಕ್ಷೆಯಲ್ಲಿ ಇದಕ್ಕೆ ತದ್ವಿರುದ್ಧವಾದ ಸಮಸ್ಯೆ: ದಿನವಿಡೀ ಸ್ಯಾನಿಟೈಸರ್ ಉಜ್ಜಿಕೊಂಡರೂ ಅಲ್ಪ ಪ್ರಮಾಣ ಕಾಣಬಹುದು. ಕುಡಿಯದವರ ಮೇಲೆ ತಪ್ಪು ಹೊರಿಸುವ ಮೊದಲು, ಎರಡು ಮೂರು ವಾರದ ಕುಡಿತ ತೋರಿಸುವ ಪೆತ್ ಎಂಬ ರಕ್ತಪರೀಕ್ಷೆ ಮಾಡಿಸಬೇಕು.

ಕೆಲಸಕ್ಕೆ ಮರಳುವಾಗ ಅರಿವಳಿಕೆಯವರದೇ ಕಠಿಣ ಪ್ರಸಂಗ, ಚಟದ ವಸ್ತು ಅವರ ಟ್ರೇಯಲ್ಲೇ ಇರುತ್ತದೆ. ಬಿಟ್ಟ ಮೇಲೆ ಮೈ ಹಳೆಯ ಡೋಸನ್ನು ತಾಳುವುದಿಲ್ಲ. ಮತ್ತೆ ಚುಚ್ಚಿಕೊಂಡದ್ದು ತಿಳಿಯುವುದೇ ಕೆಲವೊಮ್ಮೆ ಶವ ಸಿಕ್ಕಾಗ. ಆದ್ದರಿಂದ ಥಿಯೇಟರಿನಿಂದ ಒಂದು ವರ್ಷವಾದರೂ ದೂರ ಇರಿಸುವುದು ಒಳ್ಳೆಯದು, ಕೆಲವರು ಬೇರೆ ವಿಭಾಗಕ್ಕೆ ಹೋಗುವುದೇ ಮೇಲು. ಮರಳಿದವರಿಗೆ ಔಷಧಿ ಬೀರುವಿನ ಕೀಲಿ ಬೇಡ, ರಾತ್ರಿ ಪಾಳಿ ಬೇಡ, ಉಳಿದ ಔಷಧಿ ಚೆಲ್ಲುವಾಗ ಇನ್ನೊಬ್ಬರ ಸಹಿ ಬೇಕು. ಇಂಥ ಔಷಧಿಯ ಅಮಲು ಏರದಂತೆ ತಡೆಯುವ ನಾಲ್ಟ್ರೆಕ್ಸೋನ್ ಮಾತ್ರೆಯನ್ನು 50 ಮಿಲಿಗ್ರಾಂ ದಿನವೂ ಸಹೋದ್ಯೋಗಿಯ ಎದುರು ನುಂಗಬೇಕು. ಅದನ್ನು ಶುರು ಮಾಡುವ ಮುನ್ನ ಏಳರಿಂದ ಹತ್ತು ದಿನ ಮೈಯಲ್ಲಿ ಅಫೀಮಿನ ಜಾತಿಯ ಔಷಧಿ ಇರಕೂಡದು, ಇದ್ದರೆ ಚಟ ಬಿಟ್ಟಾಗ ಆಗುವ ಯಾತನೆ ಒಮ್ಮೆಲೇ ಎರಗುತ್ತದೆ.

ಇದರಲ್ಲಿ ಬಹುಪಾಲನ್ನು ನಮ್ಮ ಯಾವ ದೊಡ್ಡ ಆಸ್ಪತ್ರೆಯೂ ಒಂದು ಲಿಖಿತ ಒಪ್ಪಂದದಿಂದ ಶುರು ಮಾಡಬಹುದು. ಕಾನೂನಿನ ಹೆದರಿಕೆಯಿಂದ ಹಿಂಜರಿಯುವವರು ತಿಳಿದಿರಲಿ: 2017ರ ಮಾನಸಿಕ ಆರೋಗ್ಯ ಕಾಯ್ದೆ ಚಿಕಿತ್ಸೆಯ ವಿವರಕ್ಕೆ ಗೋಪ್ಯತೆಯ ರಕ್ಷಣೆ ಕೊಡುತ್ತದೆ. ಮಾದಕ ವಸ್ತು ಕಾಯ್ದೆಯ 64ಎ ಕಲಮಿನಡಿ, ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ತಾವಾಗಿ ಮಾನ್ಯ ಆಸ್ಪತ್ರೆಗೆ ಬಂದ ವ್ಯಸನಿಗೆ ಮೊಕದ್ದಮೆಯಿಂದ ವಿನಾಯಿತಿ ಉಂಟು, ಆದರೆ ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಅದು ಹೋಗಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ಕೇಂದ್ರವೇ ಇದೆ. ವ್ಯಸನಮುಕ್ತಿ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416. ವೈದ್ಯರೇ ಕರೆ ಮಾಡಬೇಕೆಂದಿಲ್ಲ, ಮನೆಯವರು ಮಾಡಿದರೂ ಆದೀತು.