ಬೇವಿನ ಮರದ ಕೆಳಗೆ ಒಂದು ಕೌದಿ

ಎಲ್ಲರಿಗೂ ನಮಸ್ಕಾರ. ಮೈಕು ಸ್ವಲ್ಪ ಕೆಳಗೆ ಮಾಡಿಕೊಳ್ಳುತ್ತೇನೆ, ನಾನು ಕುಳ್ಳಿ.

ಆರೋಗ್ಯದ ಬಗ್ಗೆ ಮಾತಾಡಿ ಅಂತ ಸಂಘದವರು ಕರೆದಾಗ ಮೊದಲು ಬೇಡ ಎಂದೆ. ನಾನು ಡಾಕ್ಟರ್ ಅಲ್ಲ. 31 ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು. ಬಿಪಿ ಮಾತ್ರೆ ನುಂಗುವವಳು, ಬರೆದುಕೊಡುವವಳಲ್ಲ. ಆದರೆ ಅವರು ಬಿಡಲಿಲ್ಲ. "ನೀವು ಮರದ ಕೆಳಗೆ ಕೂತು ಕೌದಿ ಹೊಲಿಯುತ್ತೀರಲ್ಲ, ಅದನ್ನೇ ಹೇಳಿ" ಎಂದರು. ಅದನ್ನಾದರೆ ಹೇಳಬಹುದು.

ಮೂರು ವರ್ಷದ ಹಿಂದೆ ನನ್ನ ಬಲ ಮೊಣಕಾಲಿಗೆ ಆಪರೇಷನ್ ಆಯಿತು. ಆಪರೇಷನ್ ಚೆನ್ನಾಗಿಯೇ ಆಯಿತು. ಕಷ್ಟ ಕೊಟ್ಟಿದ್ದು ಆಸ್ಪತ್ರೆಯ ರೂಮು. ಕಿಟಕಿ ದೊಡ್ಡದೇ ಇತ್ತು. ಪರದೆ ಸರಿಸಿದರೆ ನಾಲ್ಕು ಅಡಿ ದೂರದಲ್ಲಿ ಪಕ್ಕದ ಕಟ್ಟಡದ ಗೋಡೆ. ಗೋಡೆಗೊಂದು ಎಸಿ ಡಬ್ಬಿ. ಅದರಿಂದ ನೀರು ತೊಟ್ಟಿಕ್ಕುತ್ತಿತ್ತು. ಗಣಿತದವಳಲ್ವಾ, ಎಣಿಸಿದೆ. ನಿಮಿಷಕ್ಕೆ 22 ಹನಿ. ರಾತ್ರಿ ಎರಡು ಗಂಟೆಗೂ 22, ಬೆಳಗ್ಗೆ ಆರಕ್ಕೂ 22. ಐದು ದಿನ ಇದೇ ನನ್ನ ಟಿವಿ.

ಆರನೇ ದಿನ ಮನೆಗೆ ಬಂದೆ. ಹಿತ್ತಲ ಬಾಗಿಲ ಹತ್ತಿರ ಮಂಚ ಹಾಕಿಸಿಕೊಂಡೆ. ಅಲ್ಲಿಂದ ಬೇವಿನ ಮರ ಕಾಣುತ್ತದೆ. ನೋವು ಅಷ್ಟೇ ಇತ್ತು, ಸುಳ್ಳು ಹೇಳುವುದಿಲ್ಲ. ಆದರೆ ನೋಡಲಿಕ್ಕೆ ಬೇರೆ ಏನೋ ಇತ್ತು. ಒಂದು ಕಾಗೆ ಎಲ್ಲಿಂದಲೋ ಮುರುಕು ತಂತಿ ತಂದು ಗೂಡಿಗೆ ಸಿಕ್ಕಿಸಲು ಹೆಣಗುತ್ತಿತ್ತು. ತಂತಿ ಬೀಳುತ್ತಿತ್ತು, ಅದು ಇಳಿದು ಮತ್ತೆ ಎತ್ತಿಕೊಂಡು ಹೋಗುತ್ತಿತ್ತು. ಅದನ್ನು ನೋಡುತ್ತಾ ನೋಡುತ್ತಾ ಮಾತ್ರೆಯ ಹೊತ್ತು ಮರೆತದ್ದೂ ಉಂಟು.

ಆಮೇಲೆ ಮಗಳು ಒಂದು ಅಧ್ಯಯನ ತೋರಿಸಿದಳು. ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯದು. ರೋಜರ್ ಉಲ್ರಿಚ್ ಎನ್ನುವವರು 1972ರಿಂದ 1981ರವರೆಗಿನ ಕಡತ ತೆಗೆದು ಕೂತರು. ಎಲ್ಲರದೂ ಪಿತ್ತಕೋಶದ ಆಪರೇಷನ್. ಕೆಲವರ ಕಿಟಕಿಯಿಂದ ಮರಗಳು ಕಾಣುತ್ತಿದ್ದವು, ಕೆಲವರಿಗೆ ಇಟ್ಟಿಗೆ ಗೋಡೆ. ವಯಸ್ಸು, ಹೆಣ್ಣೋ ಗಂಡೋ, ಸಿಗರೇಟು ಸೇದುವವರೋ ಅಲ್ಲವೋ, ಎಲ್ಲ ಹೊಂದಿಸಿ 23 ಜೋಡಿ ಮಾಡಿದರು. ಮರ ಕಂಡವರು ಸರಾಸರಿ 7.96 ದಿನಕ್ಕೆ ಮನೆಗೆ ಹೋದರು. ಗೋಡೆ ಕಂಡವರಿಗೆ 8.70 ದಿನ ಹಿಡಿಯಿತು. ಜೋರಾದ ನೋವಿನ ಮದ್ದನ್ನೂ ಮರದವರು ಕಡಿಮೆ ಕೇಳಿದರು. ಗೋಡೆಯವರ ಬಗ್ಗೆ ನರ್ಸುಗಳ ಟಿಪ್ಪಣಿಯಲ್ಲಿ ಅಳು, ಬೇಸರದ ಮಾತೇ ಜಾಸ್ತಿ. 1984ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಇದು ಅಚ್ಚಾಯಿತು. ನೋಡಿ, ಬರೀ 46 ಜನ, ಒಂದೇ ಆಸ್ಪತ್ರೆ. ನನ್ನ ವಿದ್ಯಾರ್ಥಿ ಇಷ್ಟರಿಂದಲೇ ದೊಡ್ಡ ಸೂತ್ರ ಬರೆದಿದ್ದರೆ ಕೆಂಪು ಗೆರೆ ಎಳೆಯುತ್ತಿದ್ದೆ. ಆದರೆ 22 ಹನಿ ಎಣಿಸಿದವಳಿಗೆ ಅದನ್ನು ಓದಿ ಕಣ್ಣು ತುಂಬಿತು.

2019ರಲ್ಲಿ ಇಂಗ್ಲೆಂಡಿನದು ಇನ್ನೊಂದು ಬಂತು. ಸುಮಾರು 20 ಸಾವಿರ ಜನರನ್ನು ಕೇಳಿ ಮಾಡಿದ್ದು. ವಾರಕ್ಕೆ ಎರಡು ಗಂಟೆ ಗಿಡಮರ ಇರುವ ಕಡೆ ಕಳೆದವರಲ್ಲಿ "ನಾನು ಚೆನ್ನಾಗಿದ್ದೇನೆ" ಎಂದವರು ಜಾಸ್ತಿ. ಒಂದೇ ಸಲ ಎರಡು ಗಂಟೆ ಆದರೂ ಸರಿ, ಚೂರುಚೂರಾಗಿ ಆದರೂ ಸರಿ. ಆರೋಗ್ಯ ಇರುವುದಕ್ಕೇ ಹೊರಗೆ ಹೋಗುತ್ತಾರೋ, ಹೊರಗೆ ಹೋಗಿದ್ದಕ್ಕೆ ಆರೋಗ್ಯವೋ ಅಂತ ನೀವು ಕೇಳಬಹುದು. ಕೇಳಲೇಬೇಕು. ಆದರೆ ಮರದ ಕೆಳಗೆ ಕೂರಲು ದುಡ್ಡು ಕೊಡಬೇಕಿಲ್ಲವಲ್ಲ!

ಇಷ್ಟಾದರೂ ಮರ ಒಂದೇ ಸಾಲಲಿಲ್ಲ. ಎರಡು ತಿಂಗಳಾದ ಮೇಲೆ ಮಗಳು ಪುಣೆಗೆ ಹೋದಳು. ಒಂದು ಸಂಜೆ ಲೆಕ್ಕ ಹಾಕಿದೆ, ಇವತ್ತು ಯಾರ ಜೊತೆ ಮಾತಾಡಿದೆ? ಹಾಲಿನ ಹುಡುಗನಿಗೆ "ಅರ್ಧ ಲೀಟರ್ ಸಾಕು" ಎಂದಿದ್ದೆ. ಫೋನಿನಲ್ಲಿ ಮಗಳಿಗೆ "ಊಟ ಆಯ್ತು" ಎಂದಿದ್ದೆ. ಮುಗಿಯಿತು.

ಇದರ ಬಗ್ಗೆಯೂ ಒಂದು ಲೆಕ್ಕ ಇದೆ, ಅದು ದೊಡ್ಡ ಲೆಕ್ಕ. ಜೂಲಿಯಾನ್ ಹೋಲ್ಟ್-ಲನ್‌ಸ್ಟಾಡ್ ಮತ್ತು ಜೊತೆಯವರು 2010ರಲ್ಲಿ 148 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಮೂರು ಲಕ್ಷ ಎಂಟು ಸಾವಿರಕ್ಕೂ ಹೆಚ್ಚು ಜನ. ಜನರ ಒಡನಾಟ ಗಟ್ಟಿಯಾಗಿದ್ದವರು ಬದುಕಿ ಉಳಿಯುವ ಸಾಧ್ಯತೆ 50 ಶೇಕಡಾ ಜಾಸ್ತಿ ಇತ್ತು. ನನಗೆ ಹಿಡಿಸಿದ್ದು ಅದರೊಳಗಿನ ಇನ್ನೊಂದು ಮಾತು. ಮನೆಯಲ್ಲಿ ಜೊತೆಗೆ ಯಾರಾದರೂ ಇದ್ದಾರಾ ಅನ್ನುವುದರಿಂದ ವ್ಯತ್ಯಾಸ ಕಡಿಮೆ. ನೆಂಟರು, ನೆರೆಯವರು, ಗೆಳೆಯರು, ಸಂಘ, ಹೀಗೆ ನಾಲ್ಕಾರು ಕಡೆಯ ಬಳಕೆ ಇದೆಯಾ ಅನ್ನುವುದರಿಂದ ಬಹಳ ಹೆಚ್ಚು. ಸೊಸೆ ಮೊಮ್ಮಕ್ಕಳ ನಡುವೆ ಇದ್ದೂ ಒಂಟಿಯಾಗಿರುವವರು ಇಲ್ಲೇ ಮುಂದಿನ ಸಾಲಿನಲ್ಲಿ ಕೂತಿದ್ದೀರಿ. ಬೇಜಾರಾಗಬೇಡಿ, ನನಗೆ ಗೊತ್ತಿದೆ.

ಆದರೆ "ಬನ್ನಿ, ಒಡನಾಟ ಮಾಡೋಣ" ಅಂತ ಯಾರನ್ನಾದರೂ ಕರೆಯಲಿಕ್ಕೆ ಆಗುತ್ತದಾ? ನಾಚಿಕೆಯಾಗುತ್ತದೆ. ಕೈಗೊಂದು ಕೆಲಸ ಬೇಕು.

ನನ್ನ ಕೆಲಸ ಟ್ರಂಕಿನಲ್ಲಿತ್ತು. ಅವ್ವನ ಹಳೆಯ ಇಳಕಲ್ ಸೀರೆಗಳು ಏಳು, ಅಪ್ಪನ ಎರಡು ಧೋತರ. ಒಂದು ಸೀರೆ ಮಡಿಕೆಯ ಗೆರೆಯಲ್ಲೇ ಸೀಳಿತ್ತು. ಎಸೆಯಲು ಮನಸ್ಸಾಗಲಿಲ್ಲ. ಬೇವಿನ ಕೆಳಗೆ ಚಾಪೆ ಹಾಕಿ ಹರಡಿದೆ. ಕಂಪೌಂಡಿನ ಆಚೆಯಿಂದ ಪಕ್ಕದ ಮನೆಯವರು ಇಣುಕಿದರು. "ಏನ್ರೀ ಅಕ್ಕಾರ, ಕೌದಿ ಹೊಲೀತೀರೇನು? ಅಂಚು ಹಂಗ ಹಿಡೀಬ್ಯಾಡ್ರಿ, ಸುಕ್ಕು ಬರ್ತದ." ನಾನು ಕರೆಯಲೇ ಇಲ್ಲ. ತಪ್ಪು ಮಾಡಿದ್ದೆ, ಅಷ್ಟೇ. ತಿದ್ದಲಿಕ್ಕೆ ಬಂದರು, ಕೂತರು. ಮರುದಿನ ಅವರ ನಾದಿನಿಯೂ ಬಂದಳು.

ಕೌದಿ ಗೊತ್ತಲ್ಲ? ಹಳೆಯ ಬಟ್ಟೆಯ ಪದರ, ಮೇಲೆ ತುಂಡುಗಳ ಜೋಡಣೆ, ಉದ್ದಕ್ಕೂ ಓಡುಹೊಲಿಗೆ. ಅಂಚಿನಿಂದ ಶುರು ಮಾಡಿ ಸುತ್ತು ಹಾಕುತ್ತಾ ನಡುವಿಗೆ ಬರಬೇಕು. ಒಬ್ಬರೇ ಹೊಲಿಯಬಹುದು, ತಿಂಗಳುಗಟ್ಟಲೆ ಹಿಡಿಯುತ್ತದೆ. ನಾಲ್ಕು ಬದಿಗೆ ನಾಲ್ವರು ಕೂತರೆ ಕೆಲಸ ಓಡುತ್ತದೆ. ಇದರ ಚಂದ ಏನೆಂದರೆ, ಯಾರೂ ಯಾರ ಮುಖ ನೋಡಬೇಕಿಲ್ಲ. ಕಣ್ಣು ಸೂಜಿಯ ಮೇಲೆ. ಹಾಗಿದ್ದಾಗ ಮಾತು ತಾನಾಗಿ ಬರುತ್ತದೆ. ಹತ್ತು ವರ್ಷ ನೆರೆಯಲ್ಲಿದ್ದರೂ ಅವರ ಒಂದು ಮಗು ಹುಟ್ಟಿದ ಮೂರೇ ದಿನಕ್ಕೆ ಹೋಗಿತ್ತು ಅನ್ನುವುದು ನನಗೆ ಗೊತ್ತಿರಲಿಲ್ಲ. ಒಂದು ಹಸಿರು ತುಂಡು ಹೊಲಿಯುತ್ತಾ ಹೇಳಿದರು. ನಾನು ಸುಮ್ನೆ ದಾರ ಕಚ್ಚಿ ಕತ್ತರಿಸಿದೆ. ಮೇಲಿಂದ ಬೇವಿನ ಹೂವು ಉದುರುತ್ತಿತ್ತು. ಎರಡು ಹೂವು ಪದರದೊಳಗೇ ಸೇರಿ ಹೊಲಿಗೆಯಾಗಿ ಹೋದವು, ಈಗಲೂ ಅಲ್ಲೇ ಇವೆ.

"ನನಗೆ ಕೈಚಳಕ ಇಲ್ಲ" ಅನ್ನುವವರಿಗೆ ಒಂದು ಮಾತು. 2016ರಲ್ಲಿ ಫಿಲಡೆಲ್ಫಿಯಾದ ಡ್ರೆಕ್ಸೆಲ್ ವಿಶ್ವವಿದ್ಯಾಲಯದಲ್ಲಿ ಗಿರಿಜಾ ಕೈಮಲ್ ಎಂಬವರು 39 ಜನರಿಗೆ ಜೇಡಿಮಣ್ಣು, ಬಣ್ಣದ ಪೆನ್ನು, ಕಾಗದ ಕೊಟ್ಟು 45 ನಿಮಿಷ ಬೇಕಾದ್ದು ಮಾಡಿ ಎಂದರು. ಮೊದಲೂ ಆಮೇಲೂ ಜೊಲ್ಲು ಪರೀಕ್ಷೆ ಮಾಡಿ ಕಾರ್ಟಿಸೋಲ್ ಅಳೆದರು. ಮೈಗೆ ಒತ್ತಡವಾದಾಗ ಏರುವ ಹಾರ್ಮೋನು ಅದು. ಮುಕ್ಕಾಲು ಪಾಲು ಜನರಲ್ಲಿ ಇಳಿದಿತ್ತು. ಮೊದಲೇ ಚಿತ್ರ ಬರೆದು ರೂಢಿ ಇದ್ದವರಿಗೂ ಇಲ್ಲದವರಿಗೂ ಭೇದ ಇರಲಿಲ್ಲ. ಹೋಲಿಸಿ ನೋಡಲು ಸುಮ್ಮನೆ ಕೂತ ಇನ್ನೊಂದು ಗುಂಪು ಇರಲಿಲ್ಲ, ಅದು ಕೊರತೆಯೇ. ಆದರೆ ಕೈ ಚೆನ್ನಾಗಿಲ್ಲ ಅನ್ನುವ ನೆಪ ಮಾತ್ರ ಇನ್ನು ನಡೆಯುವುದಿಲ್ಲ.

ನಮ್ಮಲ್ಲೇ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪುನಶ್ಚೇತನ ವಿಭಾಗವಿದೆ. ಅಲ್ಲಿ ಬೇಕರಿ ಕೆಲಸ, ತೋಟದ ಕೆಲಸ ಎಲ್ಲ ಚಿಕಿತ್ಸೆಯ ಜೊತೆಗೇ ನಡೆಯುತ್ತದೆ. ಜೊತೆಗೇ ಎಂದೆ, ಬದಲಿಗೆ ಅಲ್ಲ. ಕೌದಿ ಹೊಲಿದರೆ ಸಕ್ಕರೆ ಕಾಯಿಲೆ ವಾಸಿ ಅಂತ ವಾಟ್ಸಾಪಿನಲ್ಲಿ ನನ್ನ ಹೆಸರು ಹಾಕಿ ಕಳಿಸಬೇಡಿ. ನನ್ನ ಬಿಪಿ ಮಾತ್ರೆ ಈಗಲೂ ನಡೆದೇ ಇದೆ, ಮಂಡಿಯ ವ್ಯಾಯಾಮವೂ.

ಈಗ ನಾವು ಒಂಬತ್ತು ಜನ. ಅದರಲ್ಲಿ ಒಬ್ಬರು ಗಂಡಸರು, ರಿಟೈರ್ ಆದ ಬಸ್ ಕಂಡಕ್ಟರ್. ಹೆಂಡತಿಯನ್ನು ಬಿಡಲು ಬಂದವರು ಕಟ್ಟೆಯ ಮೇಲೆ ಕೂತು ಪೇಪರ್ ಓದುತ್ತಿದ್ದರು. ನಮ್ಮ ಕಣ್ಣಿಗೆ ಸೂಜಿಯ ತೂತು ಕಾಣುವುದಿಲ್ಲ, ದಾರ ಪೋಣಿಸಿಕೊಡಿ ಎಂದೆವು. ಒಂದು ತಿಂಗಳು ಪೋಣಿಸಿಕೊಟ್ಟರು. ಈಗ ನಮ್ಮೆಲ್ಲರಿಗಿಂತ ನೇರ ಹೊಲಿಗೆ ಅವರದೇ. ಟಿಕೆಟ್ ಹರಿದ ಬೆರಳು ಅಂತ ನಾವು ನಗುತ್ತೇವೆ.

ಮೂರನೇ ಕೌದಿ ಮುಗಿಯುತ್ತಾ ಬಂದಿದೆ. ನಮ್ಮ ಅಜ್ಜಿ ಕೊನೆಯ ಮೂಲೆ ಮುಚ್ಚುವ ಮುಂಚೆ ಒಳಗೊಂದು ಚೂರು ರೊಟ್ಟಿ ಇಡುತ್ತಿದ್ದರು. ಕೌದಿಯ ಹೊಟ್ಟೆ ಖಾಲಿ ಇರಬಾರದಂತೆ. ಈ ಶನಿವಾರ ನಾವೂ ಇಡುತ್ತೇವೆ, ನಾಲ್ಕು ಗಂಟೆಗೆ. ಬನ್ನಿ. ಸೂಜಿ, ದಾರ, ಚಹಾ ನಮ್ಮದು. ಕನ್ನಡಕ ಮಾತ್ರ ನಿಮ್ಮದೇ ತನ್ನಿ.