ಮೂರು ತಿಂಗಳ ಹಿಂದೆ ಏನಾಗಿತ್ತು?

ಎಲ್ಲರಿಗೂ ನಮಸ್ಕಾರ. ಚರ್ಮದ ವೈದ್ಯರಿಗೆ ಒಂದು ಪೊಟ್ಟಣ ಬಹಳ ಪರಿಚಿತ. ಹಳೆಯ ಪೇಪರಿನಲ್ಲೋ ಊಟದ ಡಬ್ಬಿಯಲ್ಲೋ ಜೋಪಾನವಾಗಿ ತಂದ ಕೂದಲಿನ ಉಂಡೆ ಅದು. ಕಳೆದ ಕಾರ್ತೀಕದಲ್ಲಿ ಒಬ್ಬ ಹೆಣ್ಣುಮಗಳು ಅಂಥದ್ದನ್ನು ನನ್ನ ಮೇಜಿನ ಮೇಲೆ ಬಿಚ್ಚಿಟ್ಟು, "ಇದು ಬರೀ ಇವತ್ತಿನದು ಡಾಕ್ಟರೇ" ಎಂದರು. ಹದಿನೈದು ದಿನದ ಹಿಂದೆ ಬೋರ್‌ವೆಲ್ ನೀರಿನ ಮನೆಗೆ ಬಂದಿದ್ದರಂತೆ, ಅಂದಿನಿಂದ ಹೀಗಂತೆ.

ನಾಲ್ಕು ಕೂದಲನ್ನು ಬಿಳಿ ಹಾಳೆಯ ಮೇಲೆ ಉದ್ದಕ್ಕೆ ಚಾಚಿ ಭೂತಗನ್ನಡಿ ಹಿಡಿದೆ. ನಾಲ್ಕರ ತುದಿಯಲ್ಲೂ ಸಾಸಿವೆಗಿಂತ ಚಿಕ್ಕದಾದ ಬಿಳಿ ಗಂಟು. "ನೋಡಿ, ಬೇರೇ ಕಿತ್ತು ಬಂದಿದೆ" ಎಂದು ಅವರು ಹೆದರಿದರು. ಅದು ಬೇರಲ್ಲ. ವಿಶ್ರಾಂತಿಗೆ ಹೋದ ಕೂದಲು ಕಳಚಿಕೊಂಡಾಗ ಇರುವ ಗುರುತು. ಬುಡದ ಚೀಲ ಚರ್ಮದೊಳಗೆ ಹಾಗೇ ಇರುತ್ತದೆ. ಗಡಸು ನೀರು ಕೂದಲಿನ ಮೈಯನ್ನು ಒರಟು ಮಾಡಬಹುದು, ನಡುವೆ ತುಂಡಾಗಿಸಬಹುದು. ಆದರೆ ತುಂಡಾದ ಕೂದಲಿಗೆ ಗಂಟು ಇರುವುದಿಲ್ಲ. "ಮೂರು ತಿಂಗಳ ಹಿಂದೆ ಏನಾಗಿತ್ತಮ್ಮ?" ಎಂದೆ. "ಶ್ರಾವಣದಲ್ಲಿ ಡೆಂಗಿ ಬಂದಿತ್ತು. ಅದು ವಾಸಿಯಾಗಿ ಯಾವ ಕಾಲವಾಯಿತು!"

ವಿಷಯ ಇರುವುದೇ ಅಲ್ಲಿ. ನಮ್ಮ ತಲೆಯಲ್ಲಿ ಸುಮಾರು 1 ಲಕ್ಷ ಕೂದಲಿವೆ. ಒಂದೊಂದೂ 2ರಿಂದ 6 ವರ್ಷ ಬೆಳೆದು, ಆಮೇಲೆ ಸುಮಾರು 3 ತಿಂಗಳು ಸುಮ್ಮನಿದ್ದು, ಉದುರುತ್ತದೆ. ದಿನಕ್ಕೆ 50ರಿಂದ 100 ಉದುರುವುದು ಲೆಕ್ಕದೊಳಗಿನ ಮಾತು. ದೇಹಕ್ಕೆ ದೊಡ್ಡ ಪೆಟ್ಟು ಬಿದ್ದಾಗ, ಅಂದರೆ ಜೋರು ಜ್ವರ, ಶಸ್ತ್ರಚಿಕಿತ್ಸೆ, ಹೆರಿಗೆ, ತೂಕ ಇಳಿಸಲೆಂದು ಊಟ ಬಿಡುವುದು ಇವೆಲ್ಲ ಆದಾಗ, ಬೆಳೆಯುತ್ತಿದ್ದ ಎಷ್ಟೋ ಕೂದಲು ಒಮ್ಮೆಗೇ ವಿಶ್ರಾಂತಿಗೆ ಹೋಗುತ್ತವೆ. ಆದರೆ ಅಂದೇ ಬೀಳುವುದಿಲ್ಲ. ಎರಡು ಮೂರು ತಿಂಗಳು ಕಚ್ಚಿಕೊಂಡಿದ್ದು ಆಮೇಲೆ ಒಟ್ಟಿಗೆ ಬೀಳುತ್ತವೆ. ನಾವೋ, ಉದುರುವ ದಿನ ಎದುರಿಗೆ ಸಿಕ್ಕವರ ಮೇಲೆ ದೂರು ಹಾಕುತ್ತೇವೆ: ನೀರು, ಶಾಂಪೂ, ಹೊಸ ಹೆಲ್ಮೆಟ್.

ಮಗು ನಗಲು ಕಲಿತರೆ ತಾಯಿಯ ಕೂದಲು ಉದುರುತ್ತದೆ ಎಂದು ನಮ್ಮ ಅಜ್ಜಿ ಹೇಳುತ್ತಿದ್ದರು. ಅಜ್ಜಿಯ ಪಂಚಾಂಗ ಸರಿಯಾಗಿಯೇ ಇತ್ತು, ಆರೋಪಿ ಮಾತ್ರ ತಪ್ಪು. ಬಸುರಿನಲ್ಲಿ ಏರಿದ್ದ ಈಸ್ಟ್ರೋಜೆನ್ ಎಂಬ ಹಾರ್ಮೋನು ಕೂದಲನ್ನು ಬೀಳದಂತೆ ಹಿಡಿದಿರುತ್ತದೆ. ಹೆರಿಗೆಯಾದ ಮೇಲೆ ಹಿಡಿತ ತಪ್ಪುತ್ತದೆ. ಅದು ಉದುರುವ ಹೊತ್ತಿಗೂ ಮಗು ನಗುವ ಹೊತ್ತಿಗೂ ತಾಳೆಯಾಗುತ್ತದೆ, ಅಷ್ಟೇ.

ಇಂಥ ಉದುರುವಿಕೆ ಸಾಮಾನ್ಯವಾಗಿ ಆರು ತಿಂಗಳೊಳಗೆ ತಾನೇ ನಿಲ್ಲುತ್ತದೆ. ನಾಲ್ಕನೆಯ ತಿಂಗಳಲ್ಲಿ ಕೊಂಡ ಎಣ್ಣೆಗೆ ಕೀರ್ತಿ ಸಲ್ಲುವುದು ಹೀಗೆ! ಗರುಗದ ಸೊಪ್ಪಿನ ಎಣ್ಣೆ, ದಾಸವಾಳದ ಎಲೆಯ ಲೋಳೆ ಇವುಗಳ ಮೇಲೆ ನನಗೆ ಹಗೆಯಿಲ್ಲ; ಕೂದಲು ನುಣುಪಾಗುತ್ತದೆ, ತಲೆ ತಣ್ಣಗಿರುತ್ತದೆ. ಉದುರುವುದು ನಿಲ್ಲದಿದ್ದರೆ ಮಾತ್ರ ರಕ್ತಪರೀಕ್ಷೆ ಬೇಕು: ಹಿಮೋಗ್ಲೋಬಿನ್, ಕಬ್ಬಿಣದ ದಾಸ್ತಾನು ಹೇಳುವ ಫೆರಿಟಿನ್, ಥೈರಾಯ್ಡ್. ಮುಟ್ಟಿನ ಸ್ರಾವ ಹೆಚ್ಚಿರುವ ಹೆಂಗಸರಿಗಂತೂ ತಪ್ಪದೆ ಬೇಕು. ಕೂದಲಿಗೆಂದು ಎಲ್ಲರೂ ನುಂಗುವ ಬಯೋಟಿನ್ ಎಂಬ ಜೀವಸತ್ವದ ಕೊರತೆ ನಿಜಕ್ಕೂ ಅಪರೂಪ. ಮೇಲಾಗಿ ಆ ಮಾತ್ರೆ ಥೈರಾಯ್ಡ್ ಪರೀಕ್ಷೆಯ ಫಲಿತಾಂಶವನ್ನೇ ಅಡ್ಡದಾರಿಗೆ ಎಳೆಯಬಲ್ಲದು.

ಬೊಕ್ಕತಲೆಯ ಕಥೆ ಬೇರೆ. ಅಲ್ಲಿ ರಾಶಿ ರಾಶಿ ಉದುರುವುದಿಲ್ಲ. ಬೆಳೆದು ಉದುರುವ ಒಂದೊಂದು ಸುತ್ತಿಗೂ ಕೂದಲು ಸಣ್ಣದಾಗುತ್ತಾ ಕೊನೆಗೆ ನವಿರಾಗಿಬಿಡುತ್ತದೆ. ಪ್ರಾಯಕ್ಕೆ ಬರುವ ಮೊದಲೇ ವೃಷಣ ಕಳೆದುಕೊಂಡವರಿಗೆ ಬೊಕ್ಕತಲೆ ಬರುವುದಿಲ್ಲ ಎಂದು ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ 1942ರಲ್ಲಿ ತೋರಿಸಿದರು. ಟೆಸ್ಟೋಸ್ಟೆರಾನಿನಿಂದ ಹುಟ್ಟುವ ಡಿಎಚ್‌ಟಿ ಎಂಬ ಹಾರ್ಮೋನು ಕಾರಣ ಎಂಬುದು ಆಮೇಲೆ ಸ್ಪಷ್ಟವಾಯಿತು. ಡೊಮಿನಿಕನ್ ಗಣರಾಜ್ಯದ ಕೆಲವು ಕುಟುಂಬಗಳಲ್ಲಿ ಹುಟ್ಟಿನಿಂದಲೇ ಡಿಎಚ್‌ಟಿ ಸರಿಯಾಗಿ ತಯಾರಾಗದ ಗಂಡಸರಿದ್ದರು. ಅವರಿಗೆ ಬೊಕ್ಕತಲೆಯೂ ಇಲ್ಲ, ಪ್ರಾಸ್ಟೇಟ್ ಗ್ರಂಥಿಯೂ ಚಿಕ್ಕದು. 1974ರಲ್ಲಿ ಪ್ರಕಟವಾದ ಈ ಸಂಗತಿಯೇ ಡಿಎಚ್‌ಟಿ ತಯಾರಾಗುವುದನ್ನು ತಗ್ಗಿಸುವ ಫಿನಾಸ್ಟರೈಡ್ ಮಾತ್ರೆಗೆ ದಾರಿಯಾಯಿತು. ಅಮೆರಿಕದಲ್ಲಿ 1992ರಲ್ಲಿ ಪ್ರಾಸ್ಟೇಟ್ ಊತಕ್ಕೆ, 1997ರಲ್ಲಿ ತಲೆಗೂದಲಿಗೆ ಅದಕ್ಕೆ ಒಪ್ಪಿಗೆ ಸಿಕ್ಕಿತು. ಕೆಲವರಲ್ಲಿ ಕಾಮಾಸಕ್ತಿ ಕುಗ್ಗುತ್ತದೆ, ಕೆಲವರಿಗೆ ಮನಸ್ಸು ಮಂಕಾಗುತ್ತದೆ. ಗರ್ಭಿಣಿಯರು ಇದನ್ನು ತೆಗೆದುಕೊಳ್ಳುವಂತಿಲ್ಲ, ಮಾತ್ರೆಯ ಪುಡಿಯನ್ನು ಮುಟ್ಟಲೂಬಾರದು. ಸ್ನೇಹಿತನ ಚೀಟಿ ತೋರಿಸಿ ಕೊಳ್ಳುವ ಔಷಧವಲ್ಲ ಇದು.

ಇನ್ನೊಂದು ಮಿನಾಕ್ಸಿಡಿಲ್. ಮೂಲತಃ ರಕ್ತದೊತ್ತಡದ ಮಾತ್ರೆ. ನುಂಗಿದವರ ಮೈಮೇಲೆಲ್ಲ ಕೂದಲು ಬೆಳೆದದ್ದನ್ನು ಕಂಡು ತಲೆಗೆ ಹಚ್ಚುವ ದ್ರವ ಮಾಡಿದರು. ಇದರಲ್ಲೂ ಕಾಲದ ಆಟವಿದೆ. ಮೊದಲ ಕೆಲವು ವಾರ ಕೂದಲು ಇನ್ನೂ ಹೆಚ್ಚು ಉದುರಬಹುದು, ಹಳೆಯದನ್ನು ತಳ್ಳಿ ಹೊಸದು ಬರುವುದರಿಂದ. ಬಾಟಲಿ ಕಸದ ಬುಟ್ಟಿ ಸೇರುವುದು ಆ ವಾರಗಳಲ್ಲೇ. ಫಲ ಕಾಣಲು ನಾಲ್ಕರಿಂದ ಆರು ತಿಂಗಳು ಬೇಕು. ನಿಲ್ಲಿಸಿದರೆ ಬಂದದ್ದೂ ಹೋಗುತ್ತದೆ.

ಸೋದರಮಾವನ ತಲೆ ನೋಡಿದರೆ ನಿನ್ನ ತಲೆ ಗೊತ್ತಾಗುತ್ತದೆ ಎನ್ನುವುದು ಅರ್ಧ ನಿಜ. ಮುಖ್ಯವಾದ ಒಂದು ವಂಶವಾಹಿ ತಾಯಿಯಿಂದ ಬರುವ ಎಕ್ಸ್ ಕ್ರೋಮೊಸೋಮಿನಲ್ಲಿದೆ, ಆದರೆ ಉಳಿದ ಹಲವು ಅಪ್ಪನಿಂದಲೂ ಬರುತ್ತವೆ. ಹೆಂಗಸರಲ್ಲಿ ಹಣೆ ಹಿಂದೆ ಸರಿಯುವುದು ಕಡಿಮೆ, ಬೈತಲೆ ಅಗಲವಾಗುತ್ತದೆ. ಜೊತೆಗೆ ಮುಟ್ಟು ಏರುಪೇರಾಗಿ ಗಲ್ಲದಲ್ಲಿ ಕೂದಲು ಬಂದಿದ್ದರೆ ಅಂಡಾಶಯದ ತೊಂದರೆಯನ್ನೂ ಹುಡುಕಬೇಕು.

ನಾಣ್ಯದಗಲ ನುಣ್ಣಗೆ ಬೋಳಾದರೆ "ಹುಳು ತಿಂದಿದೆ" ಎನ್ನುತ್ತಾರೆ. ಯಾವ ಹುಳವೂ ಇಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ಕೂದಲಿನ ಬುಡದ ಮೇಲೆ ತಿರುಗಿಬಿದ್ದಿರುತ್ತದೆ. ಎಷ್ಟೋ ಸಲ ಒಂದು ವರ್ಷದೊಳಗೆ ಕೂದಲು ತಾನೇ ಮರಳಿ ಬರುತ್ತದೆ, ಸ್ಟಿರಾಯ್ಡ್ ಚುಚ್ಚುಮದ್ದಿನಿಂದ ಬೇಗ ಬರುತ್ತದೆ. ದಯವಿಟ್ಟು ಬೆಳ್ಳುಳ್ಳಿ ಜಜ್ಜಿ ಉಜ್ಜಬೇಡಿ, ಚರ್ಮ ಸುಟ್ಟು ಬೊಬ್ಬೆ ಎದ್ದವರನ್ನು ನೋಡಿದ್ದೇನೆ. ಇಲ್ಲಿ ಕಾಯಬಹುದು. ಆದರೆ ಬೋಳಾದ ಜಾಗ ಉರಿಯುತ್ತಿದ್ದರೆ, ಹೊಳೆಯುತ್ತಿದ್ದರೆ, ರಂಧ್ರಗಳೇ ಕಾಣದಿದ್ದರೆ ಆ ವಾರವೇ ಬನ್ನಿ. ಅದು ಗಾಯದ ಕಲೆ ಬಿಟ್ಟುಹೋಗುವ ಬಗೆ, ಹೋದದ್ದು ಮರಳುವುದಿಲ್ಲ.

ಆ ಹೆಣ್ಣುಮಗಳಿಗೆ ನಾನು ಕೊಟ್ಟದ್ದು ಕಬ್ಬಿಣದ ಮಾತ್ರೆ ಮಾತ್ರ, ಫೆರಿಟಿನ್ ತಳ ಕಂಡಿತ್ತು. ಯುಗಾದಿಯ ಹೊತ್ತಿಗೆ ಮತ್ತೆ ಬಂದರು. ಹಣೆಯಂಚಿನುದ್ದಕ್ಕೂ ಎರಡು ಬೆರಳಗಲದ ಹೊಸ ಕೂದಲು, ಬಾಚಣಿಗೆಗೆ ಬಗ್ಗದೆ ನೆಟ್ಟಗೆ ನಿಂತಿತ್ತು. ನನಗೆ ಬಹಳ ಸಂತೋಷವಾಯಿತು. ಅವರಿಗೂ ಆಗಿತ್ತು. "ನಲ್ಲಿಗೆ ಫಿಲ್ಟರ್ ಹಾಕಿಸಿದ್ದು ಒಳ್ಳೆಯದಾಯಿತು ಡಾಕ್ಟರೇ" ಎಂದರು.